ಪಂಚಮಿಗೆ ಬಂದ ಮಗಳು

2003ರಲ್ಲಿ ನಾನು ಹುಬ್ಬಳ್ಳಿಯ ಒಂದು ವಿಮಾ ಕಚೇರಿಯಲ್ಲಿ ಕ್ಲೇಮು ವಿಭಾಗದ ಅಧಿಕಾರಿಯಾಗಿದ್ದೆ. ಕಾರ್ಖಾನೆಗಳು ತಮ್ಮ ನೌಕರರಿಗೂ ಅವರ ಮನೆಯವರಿಗೂ ಒಟ್ಟಾಗಿ ಮಾಡಿಸುವ ಗ್ರೂಪ್ ಆರೋಗ್ಯ ವಿಮೆ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ದೊಡ್ಡ ತಲೆನೋವೆಂದರೆ ಬೆಳೆದ ಮಕ್ಕಳು. ಗಂಡುಮಕ್ಕಳಿಗೆ ಇಪ್ಪತ್ತೈದು ವರ್ಷದವರೆಗೆ ಮಾತ್ರ ರಕ್ಷಣೆ. ಹೆಣ್ಣುಮಕ್ಕಳಿಗೆ ವಯಸ್ಸಿನ ಮಿತಿಯಿಲ್ಲ. ಆದರೆ ಅವಿವಾಹಿತೆ, ವಿಧವೆ ಇಲ್ಲವೇ ವಿಚ್ಛೇದಿತೆಯಾಗಿದ್ದು ತಂದೆಯನ್ನೇ ಅವಲಂಬಿಸಿರಬೇಕು. ನಿಯಮ ನನಗೆ ಬಾಯಿಪಾಠವಾಗಿತ್ತು, ಆ ಬಗ್ಗೆ ಸ್ವಲ್ಪ ಸೊಕ್ಕೂ ಇತ್ತು.

ಫೆಬ್ರುವರಿಯಲ್ಲಿ ಬೈರಿದೇವರಕೊಪ್ಪದ ಗುರುಸಿದ್ದಪ್ಪ ಎಂಬ ಸ್ಟೋರ್‌ಕೀಪರರ ಅರ್ಜಿ ಬಂತು. ಅವರ ಇಪ್ಪತ್ತೆಂಟು ವರ್ಷದ ಮಗಳು ಶೋಭಾಗೆ ಪಿತ್ತಕೋಶದಲ್ಲಿ ಕಲ್ಲು. ನಮ್ಮ ಒಪ್ಪಿಗೆ ಪತ್ರ ಸಿಕ್ಕ ಮೇಲೆಯೇ ಆಪರೇಶನ್ ಎಂದು ಆಸ್ಪತ್ರೆಯವರು ಹೇಳಿದ್ದರು. ಕಾರ್ಖಾನೆಯ ಪಟ್ಟಿಯಲ್ಲಿ ಆಕೆ ಅವಿವಾಹಿತೆ, ಆಸ್ಪತ್ರೆಯ ಕಾಗದದಲ್ಲಿ ವಿವಾಹಿತೆ. ಕಳ್ಳ ಸಿಕ್ಕಿಬಿದ್ದ ಎಂದು ನಾನು ಒಳಗೊಳಗೇ ಖುಷಿಪಟ್ಟೆ.

ಗುರುಸಿದ್ದಪ್ಪನವರನ್ನು ಕರೆಸಿ, ಕೌಂಟರಿನಲ್ಲಿ ಹತ್ತು ಜನರೆದುರು, ಮಗಳಿಗೆ ಮದುವೆಯಾಗಿದೆಯೇ ಎಂದು ಕೇಳಿದೆ. ಆಗಿದೆ ಎಂದರು. ಹಳೆಯ ಪಟ್ಟಿಯನ್ನೇ ಕಾರ್ಖಾನೆಯ ಗುಮಾಸ್ತ ವರ್ಷ ವರ್ಷವೂ ನಕಲು ಮಾಡುತ್ತ ಬಂದಿದ್ದನಂತೆ. ಹಾಗಾದರೆ ಮಗಳು ನಿಮ್ಮ ಮನೆಯಲ್ಲೇಕೆ ಇದ್ದಾಳೆ ಎಂದೆ.

“ಪಂಚಮಿಗೆ ಬಂದಾಳ್ರಿ.”

ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವುದು ನಮ್ಮ ಕಡೆ ಇದ್ದದ್ದೇ. ಆದರೆ ಅದು ಶ್ರಾವಣದಲ್ಲಿ. ಈಗ ಶಿವರಾತ್ರಿ ಹತ್ತಿರ ಬಂದಿತ್ತು. ನನಗೆ ತಲೆಬುಡ ತಿಳಿಯಲಿಲ್ಲ. ಗಂಡನ ಸಹಿ ತನ್ನಿ, ಅವರ ಕಡೆ ವಿಮೆ ಇದ್ದರೆ ನೋಡೋಣ ಎಂದು ಕಳಿಸಿದೆ. ಒಂದು ವಾರ ಬಿಟ್ಟು ಬಂದು ಅಳಿಯ ಊರಲ್ಲಿಲ್ಲ ಎಂದರು. ಇನ್ನೊಂದು ವಾರಕ್ಕೆ, ಅಳಿಯನಿಗೆ ಪುರಸೊತ್ತಿಲ್ಲ ಎಂದರು. ಸುಳ್ಳು ಕ್ಲೇಮು ತರುವವರ ಮುಖ ನಾನು ಬೇಕಾದಷ್ಟು ನೋಡಿದ್ದೆ, ಇವರದು ಹಾಗಿರಲಿಲ್ಲ. ಫೈಲು ತೆರೆಯುತ್ತಿದ್ದೆ, ಮುಚ್ಚುತ್ತಿದ್ದೆ, ಏನು ಬರೆಯಬೇಕೆಂದು ತೋಚುತ್ತಿರಲಿಲ್ಲ.

ಕೊನೆಗೆ ಶೋಭಾಳೇ ಹೊಟ್ಟೆ ಒತ್ತಿ ಹಿಡಿದುಕೊಂಡು ಬಂದಳು.

“ನಾ ಪಂಚಮಿಗೆ ಬಂದು ಮೂರ್ ವರ್ಷ ಆತ್ರಿ ಸರ್. ಅವ್ರು ಕರಿಯಾಕ ಬರಲೇ ಇಲ್ಲ. ಅಪ್ಪ ಮಂದಿ ಮುಂದ ಇನ್ನೂ ಅದನ್ನ ಹೇಳ್ತಾನ.” ನಂತರ ಫಾರ್ಮಿನ ಮೂರು ಚೌಕಗಳತ್ತ ಬೆರಳು ತೋರಿಸಿದಳು. “ಇದ್ರಾಗ ನಾ ಯಾವಾಕಿ, ನೀವ ಹೇಳ್ರಿ.”

ಅವಿವಾಹಿತೆಯಲ್ಲ, ವಿಧವೆಯಲ್ಲ, ವಿಚ್ಛೇದಿತೆಯೂ ಅಲ್ಲ. ನನ್ನ ಬಾಯಿಪಾಠ ಅಲ್ಲಿಗೆ ಕೈಕೊಟ್ಟಿತು. ಮೂರು ವಾರ ಆಕೆಯನ್ನು ನೋವಿನಲ್ಲಿ ಇಟ್ಟೆನಲ್ಲ ಎಂದು ನಾಚಿಕೆಯಾಯಿತು.

ಮ್ಯಾನೇಜರರೂ ತಲೆ ಕೆರೆದುಕೊಂಡರು. ಮೇಲಿನ ಕಚೇರಿಗೆ ನಾಲ್ಕು ಸಲ ಫೋನ್ ಮಾಡಿದ ಮೇಲೆ ಒಂದು ದಾರಿ ಸಿಕ್ಕಿತು. ಮಗಳನ್ನು ಗಂಡ ಬಿಟ್ಟಿದ್ದಾನೆ, ಆಕೆ ನನ್ನ ಆಶ್ರಯದಲ್ಲೇ ಇದ್ದಾಳೆ ಎಂದು ತಂದೆ ಪ್ರಮಾಣಪತ್ರ ಬರೆದುಕೊಡಬೇಕು. ಗುರುಸಿದ್ದಪ್ಪ ಎರಡು ದಿನ ಒಪ್ಪಲಿಲ್ಲ. ಮೂರನೆಯ ದಿನ ಮಗಳ ಜೊತೆ ದೇಶಪಾಂಡೆ ನಗರದ ನೋಟರಿ ಬಳಿ ಬಂದರು. ನಾನೂ ಹೋಗಿದ್ದೆ. ಸಹಿಗೆ ಮೊದಲು ನೋಟರಿ ಕಾಗದವನ್ನು ಓದತೊಡಗಿದರು. ‘ಗಂಡ ಬಿಟ್ಟಿದ್ದಾನೆ’ ಎಂಬಲ್ಲಿಗೆ ಬರುತ್ತಲೇ ಗುರುಸಿದ್ದಪ್ಪ ಕೈ ಅಡ್ಡ ಮಾಡಿದರು.

“ಮೆಲ್ಲಕ ಓದ್ರಿ. ಹೊರಗ ಮಂದಿ ಅದಾರ.”

“ಜೋರಾಗೇ ಓದ್ಲಿ ಬಿಡಪ್ಪಾ,” ಎಂದಳು ಶೋಭಾ. “ನನಗ ಸಾಕಾಗೇತಿ.”

ನೋಟರಿ ಓದಿ ಮುಗಿಸಿದರು. ಗುರುಸಿದ್ದಪ್ಪ ಮಗಳ ಮುಖ ನೋಡದೆ ಸಹಿ ಹಾಕಿದರು. ನಾಲ್ಕು ದಿನಕ್ಕೆ ಒಪ್ಪಿಗೆ ಪತ್ರ ಹೋಯಿತು, ಆಪರೇಶನ್ ಸುಸೂತ್ರವಾಗಿ ಆಯಿತು.

ಕೌಂಟರಿನಲ್ಲಿ ಹತ್ತು ಜನರೆದುರು ಕೇಳಿದರೆ ಹತ್ತು ಜನರಿಗೆ ಹೇಳುವ ಉತ್ತರವೇ ಸಿಗುತ್ತದೆ ಎಂಬುದನ್ನು ನಾನು ಕಲಿತದ್ದು ಹಾಗೆ. ಆಮೇಲೆ ನಿವೃತ್ತಿಯಾಗುವವರೆಗೂ ಮನೆಯ ವಿಷಯ ಕೇಳುವಾಗ ಮೊದಲು ಒಳಗೆ ಕರೆದು ಕುರ್ಚಿ ಕೊಡುತ್ತಿದ್ದೆ.

ಮರುವರ್ಷ ಕಾರ್ಖಾನೆಯ ಪಟ್ಟಿ ನವೀಕರಣಕ್ಕೆ ಬಂತು. ಶೋಭಾಳ ಹೆಸರಿನ ಮುಂದೆ ಮೂರೂ ಚೌಕಗಳು ಖಾಲಿ ಇದ್ದವು. ಪಕ್ಕದಲ್ಲಿ ಗುರುಸಿದ್ದಪ್ಪ ತಮ್ಮ ಕೈಯಾರೆ ಬರೆದಿದ್ದರು: ‘ನನ್ನ ಮಗಳು. ಇನ್ನು ಮುಂದೆ ನಮ್ಮ ಮನೆಯಲ್ಲೇ ಇರುತ್ತಾಳೆ.’