ಅತ್ತೆಯ ಕರಿ ಕಂಬಳಿ

ನಮ್ಮ ಸೋದರತ್ತೆಯ ಹಿಮ್ಮಡಿಯ ಬಿರುಕಿನೊಳಗೆ ಹೆಬ್ಬೆರಳಿನ ಉಗುರು ಇಳಿಯುತ್ತಿತ್ತು. ಗಂಡ ಸತ್ತ ಮೇಲೆ ತವರಿಗೆ ಬಂದು, ಬಿ.ದುರ್ಗದ ಸುತ್ತಮುತ್ತ ಕುರಿಗಳ ಹಿಂದೆ ನಡೆದೂ ನಡೆದೂ ಮಂಡಿ ಸವೆಸಿಕೊಂಡವಳು. ರಾತ್ರಿ ಹಿಮ್ಮಡಿಗೆ ಹರಳೆಣ್ಣೆ, ಮಂಡಿಗೆ ಬಿಸಿನೀರು, ಬಾಯಿಗೆ ಎಲೆಅಡಿಕೆ. ಇವಿಷ್ಟಿದ್ದರೆ ಯಾರಿಗೂ ಸೊಪ್ಪು ಹಾಕುತ್ತಿರಲಿಲ್ಲ. ಇಲ್ಲದಿದ್ದರೂ ಹಾಕುತ್ತಿರಲಿಲ್ಲ.

"ಕೇಳಿದ್ರೆ ಬ್ಯಾಡ ಅಂತಾರೆ, ಕೇಳ್ಬ್ಯಾಡ" ಎನ್ನುವುದು ಅವಳು ನನಗೆ ಕಲಿಸಿದ ಮೊದಲ ಪಾಠ.

ಲಡಾಖಿನ ಮರಳುಗಾಡಿನಲ್ಲಿ ನೆಲದಿಂದಲೇ ಬಿಸಿನೀರು ಉಕ್ಕುವುದನ್ನು ಚಿಕ್ಕಪ್ಪ ಮೊಬೈಲಿನಲ್ಲಿ ತೋರಿಸಿದ್ದೇ ತಡ, "ನನ್ ಮಂಡಿ ಅದ್ರಲ್ಲಿ ಅದ್ದಬೇಕು" ಎಂದಳು. ಮನೆಮಂದಿಯನ್ನು ಕಾರಿನಲ್ಲಿ ಅಲ್ಲಿಗೆ ಕರೆದೊಯ್ಯಲು ಹೊರಟಿದ್ದ ಚಿಕ್ಕಪ್ಪ, "ನಿನ್ ಕೈಲಿ ಆಗಲ್ಲ ಕಣಕ್ಕ" ಎಂದ. ಹೊರಡುವ ಬೆಳಿಗ್ಗೆ ನೋಡಿದರೆ ಅತ್ತೆ ಮುಂದಿನ ಸೀಟಿನಲ್ಲಿ ಕೂತಿದ್ದಾಳೆ, ಮಡಿಲಲ್ಲಿ ಕರಿ ಕಂಬಳಿ.

"ಜಾಕೀಟು ಐತಲ್ಲ, ಕಂಬಳಿ ಯಾಕಕ್ಕ? ಜನ ನಗ್ತಾರೆ."

"ನಕ್ರೆ ಅವ್ರ ಹಲ್ಲು ಕಾಣಿಸ್ತಾವೆ, ನಂದೇನು ಹೋಗ್ತೈತೆ? ಗಾಡಿ ಹೊಡಿಯಲೇ."

ದಾರಿಯುದ್ದಕ್ಕೂ ಆ ಕಂಬಳಿಯದೇ ಗೇಲಿ. ಅವಳು ಮಾತ್ರ ಕಂಡ ಕಂಡ ಊರಿನ ಕುರಿಗಳಿಗೆ ಕೊಂಕು ತೆಗೆಯುತ್ತಾ ಬಂದಳು. ಲಡಾಖಿನ ಮೇಕೆಗಳನ್ನು ನೋಡಿ, "ಇವು ಪರವಾಗಿಲ್ಲ" ಎಂದಳು.

ಬುಗ್ಗೆಯ ಪಕ್ಕ ಎರಡು ಸ್ನಾನದ ಕೋಣೆಗಳಿದ್ದವು. ಹೆಂಗಸರ ಕೋಣೆಯ ಕೊಳವೆ ಒಡೆದಿದ್ದರಿಂದ ಅದಕ್ಕೆ ಬೀಗ. ಚಿಕ್ಕಪ್ಪ ಟವೆಲ್ ಹೆಗಲಿಗೇರಿಸಿ, "ನಾನು ಮುಗಿಸ್ಕಂಡು ಬರ್ತೀನಿ, ನೀವೆಲ್ಲ ಕಾರಲ್ಲಿ ಕುಂತ್ಕಳ್ರಿ" ಎಂದ.

ನನಗೆ ಮೈ ಉರಿಯಿತು. ಅತ್ತೆ, "ಇಷ್ಟು ದೂರ ಬಂದಿದ್ದು ನಿನ್ ಟವೆಲ್ ನೋಡಾಕಾ?" ಎಂದವಳೇ ಬುಗ್ಗೆಯ ನೀರು ಕಲ್ಲುಗಳ ನಡುವೆ ಹರಿಯುವ ಕಡೆಗೆ ಕುಂಟುತ್ತಾ ಹೋದಳು. ಕುರಿಗಳ ಜೊತೆ ಅಡವಿಯಲ್ಲಿ ಬೀಡುಬಿಟ್ಟಾಗ ಅವಳು ಸ್ನಾನ ಮಾಡುತ್ತಿದ್ದುದೇ ಹಾಗೆ: ಒಂದು ಕಡೆ ಬಂಡೆ, ಉಳಿದ ಕಡೆ ಕಂಬಳಿ, ಹಿಡಿದು ನಿಂತವರ ಮುಖ ಹೊರಗೆ. ಅಮ್ಮ, ಚಿಕ್ಕಮ್ಮ, ನಾನು ಕಂಬಳಿ ಹಿಡಿದೆವು. ಒಳಗಿನಿಂದ "ಅಯ್ಯಯ್ಯಪ್ಪಾ!" ಎಂಬ ಕೂಗು ಬಂತು, ಹಿಂದೆಯೇ ನಗು. ಅವಳು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಕೇಳಿರಲೇ ಇಲ್ಲ.

ಆಮೇಲೆ ನಾವೂ ಒಬ್ಬೊಬ್ಬರಾಗಿ ಇಳಿದೆವು. ಬೀಗ ನೋಡಿ ಪೆಚ್ಚಾಗಿ ನಿಂತಿದ್ದ ಬೇರೆ ಊರಿನ ಹೆಂಗಸರನ್ನೂ ಅತ್ತೆ ಕನ್ನಡದಲ್ಲೇ ಕರೆದಳು: "ಬರ್ರಿ ಬರ್ರಿ, ನೀರೇನು ಗಂಡಸ್ರು ಕಾಯಿಸಿದ್ದಾ?" ಮಾತು ತಿಳಿಯದಿದ್ದರೂ ಅವರು ಬಂದರು. ಚಿಕ್ಕಪ್ಪ ತನ್ನ ಸ್ನಾನ ಮುಗಿಸಿ, ನಮ್ಮದೆಲ್ಲ ಮುಗಿಯುವವರೆಗೂ ಕಾರಿನಲ್ಲಿ ಕೂತು ಕಾದ.

ಹೋದ ವರ್ಷ ಅತ್ತೆ ತೀರಿಕೊಂಡಳು. ಮಂಡಿನೋವು ವಾಸಿಯಾಯಿತೇ ಎಂದು ಈಗಲೂ ಕೇಳುವವರಿದ್ದಾರೆ. ಆಗಲಿಲ್ಲ. ಆಗದಿದ್ದರೇನಂತೆ, ಅವಳು ಅದ್ದಬೇಕೆಂದಳು, ಅದ್ದಿದಳು.

ತಿಥಿಯ ದಿನ ಚಿಕ್ಕಪ್ಪ, "ಹಿರೇರ ಕಂಬಳಿ ಗಂಡುಮಕ್ಳ ಮನೇಲಿರ್ಬೇಕು" ಎಂದು ಕೈ ಚಾಚಿದ. ನಾನು ಯಾರನ್ನೂ ಕೇಳದೆ ಅದನ್ನು ಮೊದಲೇ ನನ್ನ ಮನೆಗೆ ಸಾಗಿಸಿಬಿಟ್ಟಿದ್ದೆ. ಮೊನ್ನೆ ಅದೇ ಕಂಬಳಿಗಾಗಿ ಮತ್ತೆ ಫೋನ್ ಮಾಡಿದ್ದ.

"ಕಾರಲ್ಲಿ ಕುಂತ್ಕ ಚಿಕ್ಕಪ್ಪ," ಎಂದೆ, "ನಮ್ದಿನ್ನೂ ಮುಗಿದಿಲ್ಲ."