ನಾಲ್ಕು ಸೆಕೆಂಡಿನ ಮೇಣದಬತ್ತಿ

ಅಕ್ಕ ಸೈನ್ ಮಾಡುವುದಿಲ್ಲ ಎಂದು ಕೂತಿದ್ದಳು. ಫಳ್ನೀರಿನ ಆಸ್ಪತ್ರೆಯಲ್ಲಿ ಮರುದಿನ ಬೆಳಿಗ್ಗೆ ಅವಳ ಹಾರ್ಟಿನ ಆಪರೇಶನ್. ಕನ್ಸೆಂಟ್ ಫಾರ್ಮ್ ಮಧ್ಯಾಹ್ನದಿಂದ ಮಂಚದ ಪಕ್ಕದಲ್ಲಿ ಬಿದ್ದುಕೊಂಡಿತ್ತು. ಸಂಜೆ ಏಳೂವರೆಯೊಳಗೆ ಸಹಿ ಬೀಳದಿದ್ದರೆ ಬೆಳಗ್ಗಿನ ಜಾಗ ಬೇರೆಯವರಿಗೆ ಕೊಡುತ್ತೇವೆ ಎಂದು ಡಾಕ್ಟರ್ ಹೇಳಿ ಹೋಗಿದ್ದರು.

"ಮೊದಲು ಮಮ್ಮಿಯ ಕ್ಯಾಂಡಲ್ ಉರಿಯುವುದನ್ನು ನೋಡ್ತೇನೆ. ನಿಮ್ಮ ಪೇಪರ್ ಆಮೇಲೆ," ಎಂದಳು ಅಕ್ಕ.

ಅಂದು ಆಲ್ ಸೋಲ್ಸ್ ಡೇ. ನಮ್ಮವರೆಲ್ಲ ಸಂಜೆ ಸೆಮೆಟರಿಗೆ ಹೋಗಿ, ತಮ್ಮ ತಮ್ಮವರ ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವ ದಿನ. ಅಮ್ಮನ ಸಮಾಧಿಗೆ ಅಕ್ಕ ಪ್ರತಿವರ್ಷ ಒಂದೇ ಒಂದು ದಪ್ಪ ಬತ್ತಿ ಹಚ್ಚಿ, ಅದು ಉರಿದು ಮುಗಿಯುವವರೆಗೆ ನಿಂತಿರುತ್ತಿದ್ದಳು. ಒಂದು ವರ್ಷ ಅದು ಗಾಳಿಗೆ ಅರ್ಧದಲ್ಲೇ ಆರಿತು. ಆ ಕ್ರಿಸ್ಮಸ್ಸಿಗೆ ಮೊದಲೇ ನಮ್ಮ ತಮ್ಮ ತೀರಿಹೋದ. ನಮ್ಮ ಕಾನ್ವೆಂಟಿನ ನನ್‌ಗಳು ಕೇಳಿದ್ದರೆ ಸೂಪರ್‌ಸ್ಟಿಶನ್ ಎಂದು ಇಬ್ಬರ ಕಿವಿಯನ್ನೂ ಹಿಂಡುತ್ತಿದ್ದರು. ಅಕ್ಕ ಮಕ್ಕಳಿಗೆ ವರ್ಷಗಟ್ಟಲೆ ಸೈನ್ಸ್ ಕಲಿಸಿದವಳು. ಆದರೂ ಆ ಬತ್ತಿಯ ವಿಷಯದಲ್ಲಿ ಅವಳ ಸೈನ್ಸ್ ನಡೆಯುತ್ತಿರಲಿಲ್ಲ.

ಈ ಸಲ ನಾನು ಒಬ್ಬಳೇ ಸೆಮೆಟರಿಗೆ ಹೋಗಿ ಬತ್ತಿ ಹಚ್ಚಿದೆ. ವಿಡಿಯೋ ಕಾಲ್ ಮಾಡಿದರೆ ಅವಳ ವಾರ್ಡಿನಲ್ಲಿ ಸಿಗ್ನಲ್ ಸಾಲದೆ ಚಿತ್ರ ಹೆಪ್ಪುಗಟ್ಟಿತು. ಫೋಟೋ ಮಾತ್ರ ಹೇಗೋ ನುಸುಳಿ ಹೋಗುತ್ತಿತ್ತು. ಮೊದಲನೆಯದನ್ನು ಸುಮ್ಮನೆ ಬಟನ್ ಒತ್ತಿ ತೆಗೆದು ಕಳಿಸಿದೆ. ಕೂಡಲೇ ಫೋನ್ ಬಂತು.

"ಇದು ಹಗಲಲ್ಲಿ ತೆಗೆದದ್ದಲ್ವಾ? ಬೆಂಕಿ ಎಲ್ಲಿ ಉಂಟು? ಕೋಳಿಮೊಟ್ಟೆಯ ಹಾಗೆ ಬಿಳಿ ಕಾಣ್ತದೆ."

ನಿಜ. ಫೋನ್ ತಾನಾಗಿಯೇ ಕತ್ತಲನ್ನೆಲ್ಲ ಬೆಳಗಿಸಿಬಿಟ್ಟಿತ್ತು. ಕೊಟ್ಟಾರದ ನಮ್ಮ ಫ್ಲ್ಯಾಟಿನ ಕೆಳಗಿನ ಮನೆಯಾಕೆ ಯಕ್ಷಗಾನದ ರಾತ್ರಿಗಳಲ್ಲಿ ಮೊಬೈಲಿನಲ್ಲೇ ಒಳ್ಳೊಳ್ಳೆಯ ಫೋಟೋ ತೆಗೆಯುವವಳು. ಹಿಂದಿನ ತಿಂಗಳು ನನ್ನನ್ನು ಬಾಲ್ಕನಿಯಲ್ಲಿ ಕೂರಿಸಿ, ಹೈವೇಯ ಲಾರಿಗಳನ್ನು ತೋರಿಸಿ, ಕ್ಯಾಮೆರಾವನ್ನು ನಾವೇ ಹೊಂದಿಸುವ ಪ್ರೊ ಮೋಡ್ ಕಲಿಸಿದ್ದಳು. "ಹೆದರಲಿಕ್ಕೆ ಎಂತ ಉಂಟು ಮಾರಾಯ್ರೆ? ಬೆಳಕು ಹೀರುವ ಈ ಐಎಸ್ಓ ಕಡಿಮೆ ಇಡಿ. ಶಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ನೀವೇ ಹೇಳಿ. ಫೋನಿಗೆ ಬುದ್ಧಿ ಹೇಳಲಿಕ್ಕೆ ಬಿಡಬೇಡಿ."

ಶಟರನ್ನು ಅರೆಕ್ಷಣಕ್ಕೂ ಕಡಿಮೆ ಇಟ್ಟೆ. ಜ್ವಾಲೆ ಹಳದಿಯಾಗಿ, ತುದಿ ಚೂಪಾಗಿ ಚಂದ ಬಂತು. ಆದರೆ ಸುತ್ತ ಮಸಿ. ಅಮ್ಮನ ಹೆಸರಿನ ಒಂದಕ್ಷರವೂ ಕಾಣಲಿಲ್ಲ.

"ಇದು ಯಾರ ಸಮಾಧಿಯೂ ಆಗಬಹುದು," ಎಂದಳು ಅಕ್ಕ. "ನನ್ನನ್ನು ಸಮಾಧಾನ ಮಾಡಲಿಕ್ಕೆ ಮನೆಯ ಟೇಬಲ್ ಮೇಲೆ ಹಚ್ಚಿದ್ದೂ ಆಗಬಹುದು."

ಗಂಟೆ ಏಳು ದಾಟಿತ್ತು. ಕಡಲ ಕಡೆಯಲ್ಲಿ ಮಿಂಚತೊಡಗಿತ್ತು, ಗಾಳಿಗೆ ಮಳೆಯ ವಾಸನೆ ಇತ್ತು. ಜನ ಒಬ್ಬೊಬ್ಬರಾಗಿ ಗೇಟಿನ ಕಡೆ ಹೊರಟಿದ್ದರು. ಹೆಸರೂ ಜ್ವಾಲೆಯೂ ಒಟ್ಟಿಗೆ ಬರಬೇಕಾದರೆ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು, ಕೈಯಲ್ಲಿ ಹಿಡಿದರೆ ಚಿತ್ರ ಅಲುಗುತ್ತದೆ. ಬ್ಯಾಗಿನಿಂದ ಪ್ರೇಯರ್ ಬುಕ್ ತೆಗೆದು ನಿಲ್ಲಿಸಿ, ಅದಕ್ಕೆ ಫೋನನ್ನು ಒರಗಿಸಿದೆ. ಐಎಸ್ಓ ಐವತ್ತು. ಶಟರ್ ನಾಲ್ಕು ಸೆಕೆಂಡ್. ಬೆರಳು ತಾಗಿ ಅಲುಗದಂತೆ ಟೈಮರ್ ಇಟ್ಟು, ಉಸಿರು ಕಟ್ಟಿ ಕೂತೆ.

ಶಟರ್ ತೆರೆಯಿತು. ಒಂದು ಎಂದು ಎಣಿಸಿದೆ. ಎರಡು ಎನ್ನುವಷ್ಟರಲ್ಲಿ ಗಾಳಿ ಬೀಸಿ ಬತ್ತಿ ಆರಿತು.

ಮೂರು, ನಾಲ್ಕು ಕಳೆದು ಚಿತ್ರ ಮೂಡಿತು. ಜೀಸಸ್, ಎಷ್ಟು ಚಂದದ ಫೋಟೋ ಅದು! ಅಮ್ಮನ ಹೆಸರು, ಶಿಲುಬೆ, ಸೇವಂತಿಗೆ, ನಡುವೆ ಉರಿಯುವ ಮೇಣದಬತ್ತಿ. ಕಣ್ಣೆತ್ತಿದರೆ ಎದುರಿಗೆ ಕರಿ ಬತ್ತಿ ಮಾತ್ರ. ಮೊದಲ ಸೆಕೆಂಡಿನ ಬೆಂಕಿಯನ್ನು ಫೋನ್ ಹಿಡಿದಿಟ್ಟುಕೊಂಡಿತ್ತು. ನಂತರದ ಕತ್ತಲು ಅದರಲ್ಲಿ ಕಾಣುತ್ತಲೇ ಇರಲಿಲ್ಲ.

ಕಳಿಸಿಬಿಟ್ಟೆ. ಫೋಟೋದಲ್ಲಿ ಸುಳ್ಳೇನೂ ಇಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆರಿದ್ದನ್ನು ಬೇರೆ ಯಾರೂ ನೋಡಿರಲಿಲ್ಲ.

"ಈಗ ಸರಿ," ಎಂದಳು ಅಕ್ಕ. ಅವಳ ಸ್ವರ ಮೆತ್ತಗಾಗಿತ್ತು. ನನ್ನ ಎದೆ ಹಗುರಾಯಿತು. ಆದರೆ ಅವಳು ಫೋನ್ ಇಡಲಿಲ್ಲ. "ಬತ್ತಿಯ ಮೇಲೆ ಬಿಳಿ ಗೆರೆ ಉಂಟಲ್ಲ, ಅದು ಎಂತದು?"

"ಫಾಗ್ ಇರಬೇಕು."

"ಮಂಗಳೂರಿನಲ್ಲಿ ಎಂತ ಫಾಗ್ ಮಾರಾಯ್ತಿ?"

ಗಂಟೆ ನೋಡಿದೆ. ಏಳು ಇಪ್ಪತ್ತು. ಈಗಲೂ ಹೇಳದೆ ಇರಬಹುದಿತ್ತು. ಆದರೆ ಚಿಕ್ಕವಳಿದ್ದಾಗ ಒಡೆದ ಪಿಂಗಾಣಿ ಬಟ್ಟಲಿನ ವಿಷಯದಲ್ಲೂ ಅವಳೆದುರು ನನ್ನ ಸುಳ್ಳು ನಿಂತದ್ದಿಲ್ಲ.

"ಹೊಗೆ," ಎಂದೆ. "ತೆಗೆಯುತ್ತಿದ್ದಾಗಲೇ ಆರಿತು. ನಾಲ್ಕು ಸೆಕೆಂಡಿನಲ್ಲಿ ಒಂದು ಸೆಕೆಂಡ್ ಉರಿದದ್ದು."

ಇನ್ನು ಅವಳು ಸೈನ್ ಮಾಡುವುದಿಲ್ಲ, ನನ್ನಿಂದಾಗಿಯೇ ಮಾಡುವುದಿಲ್ಲ ಎಂದುಕೊಂಡೆ.

"ಮತ್ತೆ ಸುಮ್ಮನೆ ಎಂತ ಕೂತಿದ್ದೀ? ಪುನಃ ಹಚ್ಚು."

ಬೆಂಕಿಕಡ್ಡಿ ಗೀರಿದೆ. ಗಾಳಿಗೆ ಒಂದು ಕಡ್ಡಿಯೂ ನಿಲ್ಲಲಿಲ್ಲ. ಪಕ್ಕದ ಸಮಾಧಿಯ ಮೇಲೆ ಒಂದು ಗಿಡ್ಡ ಬತ್ತಿ ಇನ್ನೂ ಉರಿಯುತ್ತಿತ್ತು. ಅಮ್ಮನ ಬತ್ತಿಯನ್ನು ಕಿತ್ತು ಅದಕ್ಕೆ ಹಿಡಿದೆ. ಹತ್ತಿಕೊಂಡಿತು.

"ಹತ್ತಿತು ಬಾಯ್," ಎಂದೆ. ಚಿಕ್ಕಂದಿನಿಂದ ನಾನು ಅಕ್ಕನನ್ನು ಕೊಂಕಣಿಯಲ್ಲಿ ಕರೆಯುವುದೇ ಹಾಗೆ. "ಪಕ್ಕದವರದ್ದರಿಂದ ಹಚ್ಚಿದೆ. ಫೋಟೋ ತೆಗೀಲಾ?"

"ಬೇಡ. ನೀನು ಹೇಳಿದಿಯಲ್ಲ, ಅದೇ ಸಾಕು. ಛತ್ರಿ ಬಿಡಿಸಿ ಗಾಳಿಗೆ ಅಡ್ಡ ಹಿಡಿ, ಅದು ಮುಗಿಯುವವರೆಗೆ ಅಲ್ಲಿಂದ ಏಳಬೇಡ. ಆ ಪಕ್ಕದವರಿಗೂ ಒಂದು ಹೇಲ್ ಮೇರಿ ಪ್ರಾರ್ಥನೆ ಹೇಳು."

ಛತ್ರಿ ಬಿಡಿಸಿ ಬತ್ತಿಯ ಹತ್ತಿರ ಕೂತೆ. ಮಳೆಯ ಮೊದಲ ಹನಿಗಳು ಛತ್ರಿಯ ಮೇಲೆ ಪಟಪಟ ಬಿದ್ದವು. ಅಕ್ಕ ಬೇರೆ ಯಾರನ್ನೋ ಕರೆಯುತ್ತಿರುವುದು ಫೋನಿನಲ್ಲಿ ಕೇಳಿಸಿತು.

"ಸಿಸ್ಟರ್, ಪೆನ್ ಉಂಟಾ?"