ಪುಂಡಿ ನಾರಿನ ಪರದೆ

ಔರಾದ್ ಕಡೆಯ ಹಳ್ಳಿಯಿಂದ ಭಾಲ್ಕಿಗೆ ಸೊಸೆಯಾಗಿ ಬಂದಾಗ ನನ್ನ ಟ್ರಂಕಿನಲ್ಲಿ ಒಂದಿಷ್ಟು ಸೀರೆ, ಒಂದು ಕನ್ನಡಿ ಮತ್ತು ಕ್ರೋಶಾ ಹೆಣೆಯುವ ಕೊಕ್ಕೆ ಸೂಜಿ ಇದ್ದವು. ಸೂಜಿಯನ್ನು ಅವ್ವ ಬೀದರಿನ ಪೇಟೆಯಲ್ಲಿ ಕೊಂಡಿದ್ದಳು. ಆದರೆ ಆ ವರ್ಷ ಭಾಲ್ಕಿಯ ಯಾವ ಅಂಗಡಿಯಲ್ಲೂ ನೂಲಿನ ಉಂಡೆ ಸಿಗಲಿಲ್ಲ. ಯಾಕೆ ಎಂದು ಕೇಳಿದರೆ ಒಬ್ಬರು ಸರಕಾರ ಎನ್ನುತ್ತಿದ್ದರು, ಇನ್ನೊಬ್ಬರು ಗಡಿ ಎನ್ನುತ್ತಿದ್ದರು. ನಾನಾಗ ಹದಿನೈದರ ಹುಡುಗಿ. ಗಡಿ ಎಲ್ಲಿದೆ, ಅದನ್ನು ಯಾರು ಮುಚ್ಚಿದರು, ಒಂದೂ ತಿಳಿಯದು.

"ನೂಲ್ ಇಲ್ಲಂದ್ರ ಏನಾಯ್ತು? ಪುಂಡಿ ನಾರ್ ಅದ ಅಲ್ಲ," ಎಂದರು ಅತ್ತೆ.

ಪುಂಡಿ ಸೊಪ್ಪಿನ ಪಲ್ಯ ನಮ್ಮಲ್ಲಿ ನಿತ್ಯದ್ದು. ಗಿಡ ಬಲಿತ ಮೇಲೆ ಅದರ ದಂಟನ್ನು ಕಟ್ಟು ಕಟ್ಟಿ ಹಳ್ಳದ ನೀರಿನಲ್ಲಿ ಮುಳುಗಿಸುತ್ತಿದ್ದರು. ಕೊಳೆತ ಮೇಲೆ ಸಿಪ್ಪೆ ಸುಲಿದು, ಬಡಿದು, ತೊಳೆದು, ಬಿಸಿಲಿಗೆ ಹಾಕಿದರೆ ನಾರು ಬಿಳಿಜೋಳದ ಬಣ್ಣಕ್ಕೆ ತಿರುಗುತ್ತಿತ್ತು. ಎಲ್ಲರೂ ಅದರಿಂದ ಹಗ್ಗ ಹೊಸೆಯುತ್ತಿದ್ದರು. ಅತ್ತೆ ತೊಡೆಯ ಮೇಲೆ ಸಣ್ಣಗೆ ಹೊಸೆದು ದಾರ ಮಾಡಿ ಕೊಟ್ಟರು. ಮೊದಲ ದಿನವೇ ನನ್ನ ಸೂಜಿ ಬಾಗಿತು, ಬೆರಳು ಸೀಳಿತು.

"ಗ್ವಾಡಿ ಆಚಿ ಮನಿಗಿ ಹೋಗು. ಆಕಿಗಿ ಈ ಕೆಲಸ ಬರ್ತದ," ಎಂದರು.

ಗೋಡೆಯಾಚೆ ಸರಕಾರಿ ಕಚೇರಿಯ ಮುಸ್ಲಿಂ ಗುಮಾಸ್ತರೊಬ್ಬರ ಮನೆ; ಗಂಡ, ಹೆಂಡತಿ, ಒಬ್ಬಳು ಮಗಳು. ಆ ಹೆಂಡತಿಯನ್ನು ನಾನು ಅವರ ಮಾತಿನಲ್ಲೇ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಎರಡೂ ಅಂಗಳಗಳ ನಡುವೆ ಒಂದು ಕಿರುಬಾಗಿಲಿತ್ತು. ಆದರೆ ಅತ್ತೆ ಖಾಲಾಳೊಂದಿಗೆ ಮಾತು ಬಿಟ್ಟಿದ್ದರು. ಆಕೆಯ ಆಡು ನಮ್ಮ ಹಿತ್ತಲಿನ ಪುಂಡಿ ಮೇಯ್ದದ್ದೇ ಜಗಳದ ಮೂಲ. ಮಾತು ಬಿಟ್ಟವರ ಮನೆಗೆ ನನ್ನನ್ನೇಕೆ ಕಳಿಸುತ್ತಾರೆ ಎಂಬುದು ನನಗೆ ಅರ್ಥವಾಗಲಿಲ್ಲ.

ಖಾಲಾ ನನ್ನ ಸೂಜಿ ನೋಡಿ ನಕ್ಕಳು. "ಇದು ರೇಶ್ಮಿ ದಾರದ್ದು, ಬೇಟಿ. ನಾರಿಗಿ ಕಟಗಿ ಸೂಜಿ ಬೇಕು." ಅವಳ ಗಂಡ ಬಿದಿರು ಕೆತ್ತಿ ದಪ್ಪ ಕೊಕ್ಕೆ ಮಾಡಿಕೊಟ್ಟರು. ನಾರಿಗೆ ಔಡಲೆಣ್ಣೆ ಸವರಿ ಮೆತ್ತಗೆ ಮಾಡುವುದನ್ನು ಅವಳೇ ಕಂಡುಕೊಂಡಳು. ಕೊಡದ ಸಿಂಬಿ, ಮೊಸರಿನ ಗಡಿಗೆ ತೂಗುಹಾಕುವ ನೆಲುವು, ಬಿಸಿ ಪಾತ್ರೆಯ ಕೆಳಗಿನ ಚಾಪೆ, ಒಂದೊಂದೇ ಹೆಣೆದೆವು. ಬೇಸಿಗೆ ಬಂದಾಗ ಅವಳ ಒಳಕೋಣೆಯ ಬಾಗಿಲಿಗೆ ಪರದೆ ಹೆಣೆಯತೊಡಗಿದೆವು. ಒಳಗಿನಿಂದ ಹೊರಗಿನದು ಕಾಣಬೇಕು, ಹೊರಗಿನವರಿಗೆ ಒಳಗೇನೂ ಕಾಣಬಾರದು ಎಂದು ಅವಳು ತೂತುಗಳನ್ನು ಸಣ್ಣಗೆ ಹಾಕಿಸುತ್ತಿದ್ದಳು.

ಮಳೆಗಾಲದ ಹೊತ್ತಿಗೆ ಊರು ಕೆಟ್ಟಿತು. ನನ್ನ ಗಂಡ ಹೇಳದೆ ಗಡಿ ದಾಟಿ, ಸರಕಾರದ ವಿರುದ್ಧ ಹೋರಾಡುವವರ ಅಡವಿಯ ಶಿಬಿರಕ್ಕೆ ಹೋದರು. "ಹ್ವಾದಾಂವ ಬರ್ತಾನ," ಎಂದಷ್ಟೇ ಅತ್ತೆ ಹೇಳಿದರು. ಒಂದು ಮಧ್ಯಾಹ್ನ ಸರಕಾರದ ಕಡೆಯ ಕೆಲವರು ಬಂದೂಕು ಹಿಡಿದು ನಮ್ಮ ಓಣಿಗೆ ಬಂದು, ಗಡಿ ದಾಟಿದವರ ಮನೆ ಯಾವುದೆಂದು ಕೇಳತೊಡಗಿದರು. ಅತ್ತೆ ನನ್ನ ರಟ್ಟೆ ಹಿಡಿದು ಕಿರುಬಾಗಿಲಿನಿಂದ ಆಚೆ ನೂಕಿ ತಾವೂ ಬಂದರು. ಖಾಲಾ ಅರ್ಧ ಹೆಣೆದ ಪರದೆಯ ಹಿಂದೆ ನಮ್ಮಿಬ್ಬರನ್ನೂ ಕೂರಿಸಿ, ಅದರ ತುದಿಯನ್ನು ನನ್ನ ಕೈಗೆ ಕೊಟ್ಟಳು.

"ಹೆಣಿ. ಕೈ ನಡದ್ರ ಉಸಿರು ಸಣ್ಣಾಗ್ತದ."

ತೂತುಗಳಲ್ಲಿ ಬಂದೂಕಿನವರ ಬೂಟುಗಳು ಕಂಡವು. ಗುಮಾಸ್ತರು ಬಾಗಿಲಿಗೆ ಅಡ್ಡ ನಿಂತು, "ಒಳಗ ಹೆಣ್ಮಕ್ಕಳು ಅದಾರ. ಮುಂದಿಂದು ಜನಾನಾ," ಎಂದರು. ಬಂದವರು ತಿರುಗಿ ಹೋದರು. ನಾನು ಹೆಣೆದದ್ದೆಲ್ಲ ಗಂಟುಗಂಟಾಗಿತ್ತು. ಅತ್ತೆ ನನ್ನನ್ನು ಕರೆದುಕೊಂಡು ಮನೆಗೆ ಬಂದರು. ಮರುದಿನ ಬೆಳಿಗ್ಗೆ ಅತ್ತೆ ಗೋಡೆಯ ಮೇಲಿಂದ ಖಾಲಾಳ ಆಡಿಗೆ ಬೈಯುವುದು ಕೇಳಿಸಿತು. ಇವರು ಹಗೆಯೋ ಗೆಳತಿಯರೋ ಎಂದು ನಾನು ಒಲೆಯ ಮುಂದೆ ಕುಳಿತು ಯೋಚಿಸಿದೆ.

ಆಮೇಲೆ ವಿಮಾನಗಳು ಬಂದವು. ಪೊಲೀಸ್ ಆಕ್ಷನ್ ಎಂದರು; ಬಂದವರು ಮಾತ್ರ ಗಡಿಯಾಚೆಯ ಮಿಲಿಟರಿಯವರು. ಕೆಲವೇ ದಿನಗಳಲ್ಲಿ ಹಳೆಯ ಸರಕಾರ ಮುಗಿಯಿತೆಂದು ಬೆಲ್ಲ ಹಂಚಿದರು. ನನ್ನ ಗಂಡ ಗಡ್ಡ ಬೆಳೆಸಿಕೊಂಡು ಮರಳಿದರು. ಬೆಲ್ಲ ಬಾಯಲ್ಲಿರುವಾಗಲೇ ಓಣಿಯ ಆ ತುದಿಯಲ್ಲಿ ಕೂಗು ಎದ್ದಿತು. ಈ ಸಲ ಜನ ಹುಡುಕುತ್ತಿದ್ದದ್ದು ಖಾಲಾಳಂಥವರನ್ನು. ಗುಮಾಸ್ತರು ಬೀದರಿಗೆ ಹೋದವರು ಬಂದಿರಲಿಲ್ಲ. ಅತ್ತೆ ಕಿರುಬಾಗಿಲು ದಾಟಿ ಹೋಗಿ ಖಾಲಾಳನ್ನು, ಅವಳ ಮಗಳನ್ನು ಕರೆತಂದು ದೇವರ ಕೋಣೆಯಲ್ಲಿ ಕೂರಿಸಿದರು. ಮೀಯದೆ ನಾನು ಕಾಲಿಡುವಂತಿಲ್ಲದ ಕೋಣೆ ಅದು.

ನನ್ನ ಗಂಡನ ಮುಖ ಕಪ್ಪಿಟ್ಟಿತು. "ಅವ್ವಾ, ಇವರನ್ನ ಯಾಕ ಒಳಗ ಕರದಿ? ನಾವು ಅಡವ್ಯಾಗ ಏನೇನ್ ಕಷ್ಟ ಉಂಡೀವಿ ಗೊತ್ತದ ಏನ್?"

"ನೀ ಅಡವ್ಯಾಗ ಇದ್ದಾಗ ನಿನ್ನ ಹೆಂಡ್ತಿ ಎಲ್ಲಿದ್ಲು, ಆಕೀನ್ನ ಕೇಳು."

ಅವರು ನನ್ನತ್ತ ತಿರುಗಿದರು. ಮದುವೆಯಾದ ಮೇಲೆ ಅವರು ನನ್ನನ್ನು ನೇರವಾಗಿ ನೋಡಿದ್ದು ಅದೇ ಮೊದಲೇನೋ.

"ಖಾಲಾನ ಮನ್ಯಾಗ ಇದ್ದೇವ್ರಿ," ಎಂದೆ. "ಪರದಿ ಹಿಂದ."

ಅವರು ಹೊರಗೆ ಹೋಗಿ ಹೊಸ್ತಿಲ ಮೇಲೆ ಕುಳಿತರು. ಜನ ಬಂದಾಗ ಎದ್ದು ನಿಂತು, "ಒಳಗ ನಮ್ಮವ್ವ, ನನ್ನ ಹೆಂಡ್ತಿ ಅಷ್ಟೇ," ಎಂದರು. ಗಡಿ ದಾಟಿ ಬಂದವನ ಮಾತೆಂದು ಜನ ನಂಬಿದರು. ಆ ಜನ ಖಾಲಾಳ ಮನೆಯ ಪಾತ್ರೆ, ಹಾಸಿಗೆ, ಪರದೆ ಎಲ್ಲ ಹೊತ್ತುಕೊಂಡು ಹೋದರು. ಆ ನಾರಿನ ಪರದೆ ಅವರಿಗೆ ಏತಕ್ಕೆ ಬೇಕಿತ್ತೋ.

ನನ್ನ ಗಂಡ ಆ ರಾತ್ರಿ ಉಣ್ಣಲಿಲ್ಲ.

ಗುಮಾಸ್ತರು ಬದುಕಿದ್ದರು. ಚಳಿಗಾಲಕ್ಕೆ ಸೊರಗಿ ಬಂದು ಹೆಂಡತಿ ಮಗಳನ್ನು ಬೀದರಿಗೆ ಕರೆದೊಯ್ದರು. ಹೊರಡುವಾಗ ಅತ್ತೆ ಬಾಗಿಲಿಗೆ ಬರಲಿಲ್ಲ; ಜೋಳದ ರೊಟ್ಟಿಯ ಗಂಟನ್ನು ನನ್ನ ಕೈಯಲ್ಲಿ ಕಳಿಸಿದರು.

ನನ್ನ ಮೊದಲ ಮಗುವನ್ನು ಎತ್ತಿಕೊಂಡು ಬೀದರಿಗೆ ಹೋದಾಗ ಖಾಲಾಳ ಮನೆ ಹುಡುಕಿದೆ. ಈಗ ಅವಳು ಕತ್ತಾಳೆ ನಾರಿನಲ್ಲಿ ಚೀಲ ಹೆಣೆದು ಮಾರುತ್ತಿದ್ದಳು. ಎಲೆಯ ಪಟ್ಟೆಯನ್ನು ಕಲ್ಲಿನ ಮೇಲೆ ಹೆರೆದು ನಾರು ಬಿಡಿಸುವುದನ್ನು ತೋರಿಸಿ, "ರಸ ಹತ್ತಿದ್ರ ಕೈ ತುರಸ್ತದ, ಹುಶಾರ್," ಎಂದಳು. ಆ ದಿನಗಳ ಬಗ್ಗೆ ಕೇಳಬೇಕೆಂದೇ ಹೋಗಿದ್ದೆ. ಯಾರನ್ನು ಕಂಡು ಹೆದರಬೇಕಿತ್ತು, ನೀನು ನಮ್ಮನ್ನು ಒಳಗೆ ಬಿಟ್ಟಾಗ ನಿನಗೇನನ್ನಿಸಿತು. ಎದುರು ಕುಳಿತಾಗ ಪ್ರಶ್ನೆಯ ತುದಿಯೇ ಸಿಗಲಿಲ್ಲ. ಅವಳು ಮಗುವನ್ನು ಮಡಿಲಿಗೆ ಎಳೆದುಕೊಂಡು, "ಇದರ ಮೂಗು ನಿನ್ನ ಅತ್ತೀದು," ಎಂದಳು. ನಾನು ತಲೆಯಾಡಿಸಿ ಕತ್ತಾಳೆ ಪಟ್ಟೆಯೊಂದನ್ನು ತೆಗೆದುಕೊಂಡು ಹೆರೆಯತೊಡಗಿದೆ.